ಕಾಗದದ ಲಾಂಚು

"ಅಣ್ಣಾ, ಕಲ್ಲುಮಂಟಪಕ್ಕೆ ಹೋಗುವ ದಾರಿ ಇದೇನಾ?"

ಎಮ್ಮೆ ಮೇಯಿಸುತ್ತಿದ್ದವನು ಶಿಷ್ಯೆಯ ಮುಖ ನೋಡಿದ. ಅವಳ ಹಿಂದೆ ನಿಂತಿದ್ದ ವಯಸ್ಸಾದ ಗುರುವನ್ನೂ ನೋಡಿದ.

"ಇದೇ ಅಂತ ಆಗಲೇ ಹೇಳಿದೆನಲ್ಲ ತಾಯಿ. ಬೆಳಿಗ್ಗೆ ಕೇಳಿದೋರೂ ನೀವೇ ಅಲ್ವಾ? ಅರ್ಧ ದಾರಿ ಹೋಗಿ ವಾಪಸ್ ಬಂದಿದ್ದು, ನಾನು ಮಾತು ಬದಲಾಯಿಸ್ತೀನಾ ಅಂತ ನೋಡೋಕಾ?"

ಶಿಷ್ಯೆಗೆ ನಾಚಿಕೆಯಾಯಿತು. ತಿರುವು ಬಂದಾಗಲೆಲ್ಲ ಅವಳಿಗೆ ಅನುಮಾನ ಬಂದಿತ್ತು. ಎಡಕ್ಕೆ ಹೋಗಿ, ಅಲ್ಲವೆನ್ನಿಸಿ ಬಲಕ್ಕೆ ಹೊರಳಿ, ಸುತ್ತಿ ಸುತ್ತಿ ಇಬ್ಬರೂ ಹೊರಟಲ್ಲಿಗೇ ಬಂದು ನಿಂತಿದ್ದರು. ಗುರು ಅವಳ ಹಿಂದೆಯೇ ನಡೆದಿದ್ದರು. ಬಹಳ ದೇಶ ಸುತ್ತಿದ ಹೆಂಗಸು ಅವರು. ದಾರಿ ತಪ್ಪುವುದು ಅವರಿಗೆ ಹೊಸದಲ್ಲ.

ಶಿಷ್ಯೆ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಸಿದಳು.

"ಅಮ್ಮ, ದಾರಿಯ ಮಾತು ಹಾಗಿರಲಿ. ನೀವು ಹೇಳಿದಂತೆ ಮೂರು ವರ್ಷದಿಂದ ದಿನವೂ ಕಣ್ಣು ಮುಚ್ಚಿ ಕೂರುತ್ತಿದ್ದೇನೆ. ಕೂತ ಎರಡೇ ನಿಮಿಷಕ್ಕೆ, ಮನಸ್ಸು ನಿಂತಿತೋ ಇಲ್ಲವೋ ಎಂದು ಭಯ. ತೆರೆದು ನೋಡುತ್ತೇನೆ. ನೋಡಿದ್ದೇ ತಡ, ಇದ್ದದ್ದೂ ಹೋಗುತ್ತದೆ. ಈ ಭಯ ಹೋದ ಮೇಲೆ ತಾನೇ ಕೆಲಸ ಶುರುವಾಗುವುದು? ಅದು ಯಾವಾಗ ಹೋಗುತ್ತದೆ?"

ಗುರು ಪಕ್ಕದಲ್ಲಿ ಕೂತು, ಚಪ್ಪಲಿಯೊಳಗಿನ ಮರಳು ಕೊಡವಿ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡವಳು. ಅವಳು ಎಲ್ಲೋ ಅಲೆಯುತ್ತಿದ್ದಾಗ ಇಲ್ಲಿ ಅವಳ ತಾಯಿ ಹಾಸಿಗೆ ಹಿಡಿದಳು. ಸುದ್ದಿ ಮುಟ್ಟಿ, ಮಗಳು ಮನೆ ಸೇರುವಷ್ಟರಲ್ಲಿ ನಲವತ್ತು ದಿನ ಕಳೆದಿತ್ತು. ಆ ನಲವತ್ತು ದಿನವೂ ತಾಯಿಗೆ ಗಂಜಿ ಕುಡಿಸಿ, ಮೈ ಒರೆಸಿ ಉಳಿಸಿಕೊಂಡವಳು ಪಕ್ಕದ ಮನೆಯ ಮಂಡಕ್ಕಿ ಮಾರುವವಳು.

ಹೆಂಗಸು ದುಡ್ಡು ಹಿಡಿದುಕೊಂಡು ಪಕ್ಕದ ಮನೆಗೆ ಹೋದಳು. ಮಂಡಕ್ಕಿಯವಳು ಬೈದು ಕಳಿಸಿದಳು. "ಗಂಜಿಗೆ ರೇಟು ಕಟ್ಟೋಕೆ ಬಂದೆಯೇನೇ? ಕೊಡೋದೇ ಆದ್ರೆ ನನ್ನ ಲಾಂಚು ತಂದುಕೊಡು, ನೋಡೋಣ."

ಅವಳು ಇಪ್ಪತ್ತು ವರ್ಷ ಹಿನ್ನೀರು ದಾಟಿಸುವ ಲಾಂಚಿನಲ್ಲಿ ಮಂಡಕ್ಕಿ ಮಾರಿದ್ದಳು. ಸೇತುವೆಯಾಯಿತು, ಲಾಂಚು ನಿಂತಿತು. ವ್ಯಾಪಾರವೂ ನಿಂತಿತು. ಇನ್ನು ಈ ಊರಲ್ಲಿ ಏನಿದೆಯೆಂದು ತಂಗಿಯ ಮನೆಗೆ ಹೊರಟಿದ್ದಳು. ಲಾಂಚು ಕೇಳಿದ್ದು ತಮಾಷೆಗೆ. ಹೆಂಗಸು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಋಣ ಹೊತ್ತವರಿಗೆ ತಮಾಷೆ ಅರ್ಥವಾಗುವುದಿಲ್ಲ.

ಹೆಂಗಸಿನ ಮನೆಯಲ್ಲಿ ಕಾಗದ ಕತ್ತರಿಸುವ ಸಣ್ಣ ಯಂತ್ರವೊಂದಿತ್ತು. ಚಿತ್ರ ಅಚ್ಚಾದ ಹಾಳೆಯನ್ನು ಅಂಟು ಸವರಿದ ಹಾಸಿನ ಮೇಲೆ ಕೂರಿಸಿ ಒಳಗೆ ಬಿಟ್ಟರೆ ಸಾಕು. ಯಂತ್ರವು ಮೂಲೆಗಳಲ್ಲಿರುವ ಕಪ್ಪು ಗುರುತುಗಳನ್ನು ಓದಿಕೊಂಡು, ಗೆರೆಯ ಮೇಲೆ ಅಲಗು ನಡೆಸುತ್ತಿತ್ತು. ತುಂಡುಗಳನ್ನು ಬಿಡಿಸಿ, ಮಡಿಚಿ, ಅಂಟಿಸಿದರೆ ಮನೆಯೋ ಗೋಪುರವೋ ಎದ್ದು ನಿಲ್ಲುತ್ತಿತ್ತು. ಅವಳು ದಡದಲ್ಲಿ ಬಿದ್ದಿದ್ದ ಲಾಂಚನ್ನು ಅಳೆದು, ಚಿತ್ರ ಬರೆದು, ದೂರದ ಪಟ್ಟಣಕ್ಕೆ ಹೋಗಿ ದಪ್ಪ ಕಾಗದದಲ್ಲಿ ಐದು ಹಾಳೆ ಅಚ್ಚು ಹಾಕಿಸಿ ತಂದಳು. ಒಡಲು, ಕಟಕಟೆ, ಚಾವಣಿ, ಚಾಲಕನ ಕೋಣೆ, ಕೊನೆಗೆ ಜನ ಕೂರುವ ಬೆಂಚುಗಳಿರುವ ನೆಲ. ಒಂದೊಂದಕ್ಕೆ ಒಂದೊಂದೇ ಹಾಳೆ. ಮಂಡಕ್ಕಿಯವಳ ಬಸ್ಸು ಮರುದಿನ ಮಧ್ಯಾಹ್ನ ಒಂದು ಗಂಟೆಗೆ. ಇನ್ನೊಮ್ಮೆ ಪಟ್ಟಣಕ್ಕೆ ಹೋಗಿಬರುವಷ್ಟು ಸಮಯವಿರಲಿಲ್ಲ.

ದಪ್ಪ ಕಾಗದ ಒಂದು ಸುತ್ತಿಗೆ ತುಂಡಾಗುವುದಿಲ್ಲ. ಅಲಗು ಅದೇ ಗೆರೆಯ ಮೇಲೆ ಎರಡು ಸುತ್ತು ಹೋಗಬೇಕು. ಅಷ್ಟು ಹೊತ್ತು ಹಾಳೆಯನ್ನು ಎಬ್ಬಿಸಬಾರದು. ಅರ್ಧ ಕತ್ತರಿಸಿದ ಹಾಳೆ ಎಬ್ಬಿಸಿದರೆ ಮತ್ತೆ ಅದೇ ಜಾಗಕ್ಕೆ ಕೂರುವುದಿಲ್ಲ, ಕೂದಲೆಳೆಯಷ್ಟಾದರೂ ಸರಿಯುತ್ತದೆ. ಇದೆಲ್ಲ ಅವಳಿಗೆ ಗೊತ್ತಿತ್ತು. ಅದೇ ಕಾಗದದ ಚೂರಿನ ಮೇಲೆ ಪರೀಕ್ಷೆಯನ್ನೂ ಮಾಡಿದ್ದಳು. ಎರಡನೆಯ ಸುತ್ತಿಗೆ, ಬೆಣ್ಣೆಯಿಂದ ಕೂದಲು ತೆಗೆದಂತೆ ತುಂಡು ಬೇರೆಯಾಗಿತ್ತು.

ಬೆಳಿಗ್ಗೆ ಸ್ನಾನ ಮಾಡಿ ಮೊದಲ ಹಾಳೆ ಒಳಗೆ ಬಿಟ್ಟಳು. ಒಂದು ಸುತ್ತು ಮುಗಿಯಿತು. ಕತ್ತರಿಸಿತೋ ಇಲ್ಲವೋ? ಇದು ಚೂರಲ್ಲ, ಒಡಲು. ಒಡಲೇ ಕೆಟ್ಟರೆ ಲಾಂಚೆಲ್ಲಿ? ಯಂತ್ರ ನಿಲ್ಲಿಸಿ, ಹಾಸು ಹೊರಗೆಳೆದು, ಹಾಳೆಯ ಒಂದು ತುದಿ ಎತ್ತಿ ನೋಡಿದಳು. ಅರ್ಧ ಕತ್ತರಿಸಿತ್ತು. ಸರಿಯಾಗಿಯೇ ಇತ್ತು. ಮತ್ತೆ ಒತ್ತಿ ಕೂರಿಸಿ ಒಳಗೆ ಬಿಟ್ಟಳು. ಎರಡನೆಯ ಗೆರೆ ಮೊದಲನೆಯದರ ಪಕ್ಕದಲ್ಲಿ ಬಿತ್ತು. ಒಡಲಿನ ಅಂಚೆಲ್ಲ ಇಲಿ ಕಡಿದಂತಾಯಿತು.

ಎರಡನೆಯ ಹಾಳೆಗೆ, ಎಬ್ಬಿಸುವುದಿಲ್ಲ ಎಂದು ಆಣೆ ಮಾಡಿಕೊಂಡಳು. ಎಬ್ಬಿಸಲಿಲ್ಲ. ಉಗುರಿನಿಂದ ಸ್ವಲ್ಪ ಕೆದಕಿದಳು, ಅಷ್ಟೇ. ಕಟಕಟೆಯ ಒಂದು ಕಂಬಿ ಮೇಲೆದ್ದು ಅಲಗಿಗೆ ಸಿಕ್ಕಿ, ಉಳಿದ ಕಂಬಿಗಳನ್ನೂ ಎಳೆದುಕೊಂಡು ಹೋಯಿತು. ಮೂರನೆಯದಕ್ಕೆ ದೂರ ಹೋಗಿ ಗೋಡೆಗೆ ಒರಗಿ ಕೂತಳು. ಸದ್ದು ಬೇರೆ ಥರ ಕೇಳಿಸಿತು. ಓಡಿಹೋಗಿ ವೈರು ಕಿತ್ತಳು; ಅಲಗು ಅರ್ಧದಲ್ಲೇ ನಿಂತು ಗೆರೆ ತಪ್ಪಿತು. ಸದ್ದು ಬಂದದ್ದು ಬೀದಿಯಲ್ಲಿ ಹೋದ ಸೈಕಲ್ಲಿನದು. ನಾಲ್ಕನೆಯದನ್ನು ಹೇಗೆ ಹಾಳು ಮಾಡಿದಳೋ ಅವಳಿಗೇ ಗೊತ್ತಾಗಲಿಲ್ಲ.

ಗಂಟೆ ಹನ್ನೊಂದೂವರೆಯಾಯಿತು. ಉಳಿದದ್ದು ಒಂದೇ ಹಾಳೆ. ಅದನ್ನು ಹಾಸಿನ ಮೇಲೆ ಕೂರಿಸಿದಳು. ಒಳಗೆ ಬಿಡಲು ಧೈರ್ಯ ಬರಲಿಲ್ಲ.

ಆಗ ಮಂಡಕ್ಕಿಯವಳು ದೊಡ್ಡ ಬೋಗುಣಿ ಹೊತ್ತುಕೊಂಡು ಒಳಗೆ ಬಂದಳು.

"ಏನೇ ಇದು, ಮನೆ ತುಂಬ ಕಾಗದದ ಹೊಟ್ಟು?"

"ನಿನ್ನ ಲಾಂಚು ಮುಳುಗಿಸಿಬಿಟ್ಟೆ ಕಣಕ್ಕ," ಎಂದು ಹೆಂಗಸು ಅಳುದನಿಯಲ್ಲಿ ಎಲ್ಲ ಹೇಳಿದಳು. "ಇದೊಂದು ಉಳಿದಿದೆ. ಮುಟ್ಟಿದರೆ ಇದೂ ಹೋಗುತ್ತೆ."

"ಕತ್ತರಿಸೋದು ಅದು ತಾನೇ, ನೀನಲ್ವಲ್ಲ? ಬಿಡು ಒಳಗೆ. ಬಸ್ಸಿಗೆ ಹೊತ್ತಾಯ್ತು, ದಾರಿಗೆ ಮಂಡಕ್ಕಿ ಕಲಸಿಕೊಡು ಬಾ. ಟ್ರಂಕಿಗೆ ಹಗ್ಗ ಬಿಗಿಯೋವಾಗ ಬೆರಳು ತರಚಿದೆ. ಖಾರ ಮುಟ್ಟೋಕಾಗಲ್ಲ."

ಹೆಂಗಸು ಗುಂಡಿ ಒತ್ತಿದಳು. ಹಾಳೆ ಒಳಗೆ ಹೋಯಿತು. ಅವಳು ಬೋಗುಣಿಯ ಮುಂದೆ ಕೂತಳು. ಮಂಡಕ್ಕಿಯವಳು ಕೊಬ್ಬರಿ ಎಣ್ಣೆ ಸುರಿದಳು, ಚಮಚದಲ್ಲಿ ಖಾರದ ಪುಡಿ ಹಾಕಿದಳು. ಹೆಂಗಸು ಎರಡೂ ಕೈ ಇಳಿಸಿ ಕಲಸತೊಡಗಿದಳು.

ಮೊದಲ ಸುತ್ತು ಮುಗಿದ ಸದ್ದಾಯಿತು. ಹೆಂಗಸು ಅರ್ಧ ಎದ್ದಳು. ಕೈ ನೋಡಿಕೊಂಡಳು. ಮೊಣಕೈವರೆಗೆ ಎಣ್ಣೆ, ಖಾರ. ಆ ಕೈ ಸೋಕಿದರೆ ಕಾಗದದ ಗತಿ ಮುಗಿದಂತೆಯೇ. ಮತ್ತೆ ಕೂತಳು. ಯಂತ್ರ ಎರಡನೆಯ ಸುತ್ತು ಶುರು ಮಾಡಿತು. ಎಲ್ಲೋ ತಡವರಿಸಿದಂತಾಯಿತು. ಈರುಳ್ಳಿ ಹಾಕಿ ಕಲಸಿದಳು. ತೆಂಗಿನತುರಿ ಹಾಕಿ ಕಲಸಿದಳು. ಉಪ್ಪು ಹಾಕಿದೆನೋ ಇಲ್ಲವೋ ತಿಳಿಯದೆ ಇನ್ನೊಂದು ಸಲ ಹಾಕಿದಳು.

"ಸಾಕು ಬಿಡೇ! ಮಂಡಕ್ಕಿ ಕಲಸೋಕೆ ಹೇಳಿದ್ದು, ಹಿಟ್ಟು ನಾದೋಕಲ್ಲ," ಎಂದು ಮಂಡಕ್ಕಿಯವಳು ಗದರಿದಳು.

ಯಂತ್ರ ನಿಂತಿತು.

ಹೆಂಗಸು ಸೋಪು ಹಚ್ಚಿ ಕೈ ತೊಳೆದಳು. ಒರೆಸಿಕೊಂಡು ಮತ್ತೆ ತೊಳೆದಳು. ಹಾಸು ಹೊರತೆಗೆದು ಬಗ್ಗಿಸಿದಳು. ನೆಲ ಒಂದೇ ತುಂಡಾಗಿ ಬಿಟ್ಟುಕೊಂಡಿತು. ಮಡಿಕೆಗಳನ್ನು ಒತ್ತಿದಳು. ಎರಡು ಸಾಲು ಬೆಂಚುಗಳು ಎದ್ದು ನಿಂತವು. ಒಡಲಿಲ್ಲ, ಕಟಕಟೆಯಿಲ್ಲ, ಚಾವಣಿಯಿಲ್ಲ. ಬರೀ ನೆಲ, ಬೆಂಚು. ಅದನ್ನು ಅಂಗೈಮೇಲೆ ಇಟ್ಟುಕೊಂಡು ತಲೆ ತಗ್ಗಿಸಿ ನಿಂತಳು.

"ಇಷ್ಟೇ ಉಳೀತು ಅಕ್ಕ."

ಮಂಡಕ್ಕಿಯವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತರಚಿದ ಬೆರಳನ್ನು ಬೆಂಚುಗಳ ನಡುವೆ ಈ ತುದಿಯಿಂದ ಆ ತುದಿಗೆ ನಡೆಸಿದಳು. ಮೂರನೆಯ ಬೆಂಚಿನ ಹತ್ತಿರ ಬೆರಳು ನಿಂತಿತು.

"ಇಲ್ಲಿ ಬುಟ್ಟಿ ಇಡ್ತಿದ್ದೆ," ಎಂದಳು. "ಡ್ರೈವರ್ ಕೋಣೆಗೆ ನನ್ನನ್ನು ಯಾವನು ಬಿಟ್ಟಿದ್ದ? ಇಪ್ಪತ್ತು ವರ್ಷ ನಾನು ಓಡಾಡಿದ್ದು ಇಷ್ಟೇ ಜಾಗ ಕಣೇ." ಅದನ್ನು ಸೀರೆಗಳ ನಡುವೆ ಇಟ್ಟು ಟ್ರಂಕು ಮುಚ್ಚಿದಳು. ಬಸ್ಸು ಹತ್ತುವಾಗ ಕೂಗಿ ಹೇಳಿದಳು: "ನಿನ್ನ ಗಂಜಿ ಬಾಕಿ ಚುಕ್ತಾ ಆಯ್ತು, ಹೋಗೇ!"

ಗುರು ಕತೆ ನಿಲ್ಲಿಸಿದರು. ಶಿಷ್ಯೆ ಮುಂದಕ್ಕೆ ಬಾಗಿ ಕೇಳಿದಳು:

"ಹಾಗಾದರೆ ಕೊನೆಯ ಹಾಳೆಯ ಹೊತ್ತಿಗೆ ಅವಳ ಭಯ ಹೋಗಿತ್ತು, ಅಲ್ಲವೇ ಅಮ್ಮ?"

"ಎಲ್ಲಿಗೆ ಹೋಗುತ್ತದೆ ಮಗಳೇ, ಅದು ಅಲ್ಲೇ ಕೂತಿತ್ತು; ಕೈಗೆ ಮಾತ್ರ ಬೇರೆ ಕೆಲಸವಿತ್ತು."