ಸ್ಮಶಾನದ ನಲ್ಲಿಯ ನೀರು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಮಠದ ಜಗಲಿಯಲ್ಲಿ ಪುರಾಣ ಓದುತ್ತಿದ್ದ ರೇವಣಯ್ಯನವರು. ಅವರು ಕೇಳಿದ್ದು ತಮ್ಮ ಗುರುಗಳ ಬಾಯಿಂದ.

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಜೊತೆಯವನು ಜಪಕ್ಕೆ ಕೂತದ್ದು ನೋಡಿದರೆ ನನಗೆ ಹೊಟ್ಟೆಕಿಚ್ಚು. ಆ ಕಿಚ್ಚಿಗೇ ನಾನು ಅವನಿಗಿಂತ ಹೆಚ್ಚು ಹೊತ್ತು ಕೂರುತ್ತೇನೆ. ಸಾಧನೆ ಬೆಳೆಯುವುದಾದರೆ ಮತ್ಸರವಿದ್ದರೆ ತಪ್ಪೇನು?"

ಗುರುಗಳು ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ. ಎದುರಿಗೇ ಒಬ್ಬ ಬಟ್ಟೆ ವ್ಯಾಪಾರಿ. ಬಟ್ಟೆ ವ್ಯಾಪಾರಿ ಒಂದು ಬೇಸಗೆಯಲ್ಲಿ ಫ್ರಾನ್ಸ್ ದೇಶಕ್ಕೆ ಹೋಗಿ, ಅಲ್ಲಿನ ಹಳ್ಳಿಗಾಡನ್ನು ಒಬ್ಬನೇ ಸೈಕಲ್ ತುಳಿದು ಸುತ್ತಿ ಬಂದ. ಸಂಜೆಯಾದರೆ ಜನ ಅವನ ಅಂಗಡಿ ಮುಂದೆ ಸೇರುವರು. ಅವನು ಕೇಳಿದ್ದಕ್ಕಷ್ಟೇ ಉತ್ತರ ಹೇಳುವನು. ಆದರೂ ಪಾತ್ರೆ ವ್ಯಾಪಾರಿಗೆ ಅನ್ನ ಗಂಟಲಲ್ಲಿ ಇಳಿಯದಾಯಿತು.

"ಅವನಿಗೇನು ಕೋಡು ಮೂಡಿದೆಯೇ? ನಾನೂ ಹೋಗುತ್ತೇನೆ. ಅವನಿಗಿಂತ ದೂರ ತುಳಿಯುತ್ತೇನೆ" ಎಂದ ಹೆಂಡತಿಯ ಹತ್ತಿರ.

"ಹೋಗಿಬನ್ನಿ. ಅಷ್ಟು ದಿನವಾದರೂ ಈ ಮನೆಯಲ್ಲಿ ಅವರ ಹೆಸರು ಕೇಳುವುದು ತಪ್ಪುತ್ತದೆ" ಎಂದಳು ಅವಳು.

ಅವನು ಅದೇ ದಾರಿ ಹಿಡಿದು ಒಬ್ಬನೇ ತುಳಿದ. ದ್ರಾಕ್ಷಿತೋಟ ಬಂತು, ನೋಡಲಿಲ್ಲ. ಹೊಳೆ ಬಂತು, ನಿಲ್ಲಲಿಲ್ಲ. ಊರು ಸಿಕ್ಕಿದಲ್ಲೆಲ್ಲ ಫೋನಿನಲ್ಲಿದ್ದ ಬಟ್ಟೆ ವ್ಯಾಪಾರಿಯ ಚಿತ್ರ ತೋರಿಸಿ, "ಇವನು ಇಲ್ಲಿಗೂ ಬಂದಿದ್ದನೇ?" ಎಂದು ಕೇಳುವನು. ಬಂದಿದ್ದ ಎಂದರೆ ಮತ್ತೆ ಮುಂದಕ್ಕೆ.

ಒಂದು ಮಧ್ಯಾಹ್ನ ಬಾಟಲಿಯ ನೀರು ತೀರಿತು. ಆ ಕಡೆಯ ಹಳ್ಳಿಗಳಲ್ಲಿ ಸಮಾಧಿಯ ಹೂಗಿಡಗಳಿಗೆಂದು ಸ್ಮಶಾನದೊಳಗೆ ಒಂದು ನಲ್ಲಿ ಇಟ್ಟಿರುತ್ತಾರೆ. ಸೈಕಲ್ಲಿನವರು ಅಲ್ಲೇ ಬಾಟಲಿ ತುಂಬಿಕೊಳ್ಳುವುದು ವಾಡಿಕೆ. ಬಾಗಿಲಲ್ಲಿದ್ದ ಮುದುಕಿ ನಲ್ಲಿಯತ್ತ ಕೈ ತೋರಿದಳು. ವ್ಯಾಪಾರಿ ನೇಮನಿಷ್ಠೆಯವನು, ಹಿಂದೆ ಸರಿದ. ಚಿತ್ರವನ್ನು ಮಾತ್ರ ಮುಂದೆ ಹಿಡಿದ. ಅವಳ ಮಾತನ್ನು ಫೋನೇ ಇವನ ಭಾಷೆಗೆ ತಿರುಗಿಸಿ ಹೇಳಿತು:

"ಅಯ್ಯೋ, ಇವನೇ! ಇಲ್ಲೇ ನೀರು ಕುಡಿದ. ಬಿಸಿಲಿಗೆ ಬಾಡಿದ್ದ ಗಿಡಗಳಿಗೆಲ್ಲ ಮೊದಲು ನೀರು ಹೊತ್ತು ಹಾಕಿ, ಆಮೇಲೆ ತಾನು ಕುಡಿದ. ನನ್ನ ಸೊಂಟ ಬಗ್ಗುವುದಿಲ್ಲ. ನನ್ನ ಗಂಡನ ಸಮಾಧಿಯ ಗಿಡ ಉಳಿದದ್ದು ಅವನಿಂದ."

ಅಷ್ಟು ಮಾತಿನಲ್ಲಿ ವ್ಯಾಪಾರಿಗೆ ಕೇಳಿಸಿದ್ದು ಒಂದೇ. ಸ್ಮಶಾನದ ನೀರು ಕುಡಿದ! ಸಿಕ್ಕಿಬಿದ್ದನಲ್ಲ ಎಂಬ ಹಿಗ್ಗಿಗೆ ಬಾಯಾರಿಕೆಯೂ ಮರೆತುಹೋಯಿತು. ಒಣಗಿದ ನಾಲಿಗೆಯಲ್ಲೇ ಇನ್ನಷ್ಟು ದೂರ ತುಳಿದು ಊರಿಗೆ ಮರಳಿದ.

ಬಂದವನೇ ತನ್ನ ಅಂಗಡಿ ಮುಂದೆ ಜನ ಸೇರಿಸಿದ. "ಕೇಳಿ ನಿಮ್ಮ ದೊಡ್ಡ ಮನುಷ್ಯನ ಆಚಾರ" ಎಂದು, ಫೋನಿನಲ್ಲಿ ಉಳಿದಿದ್ದ ಮುದುಕಿಯ ಮಾತನ್ನು ಸಾಕ್ಷಿಗೆಂದು ಪೂರ್ತಿ ಕೇಳಿಸಿದ.

ಯಾರೂ ನಗಲಿಲ್ಲ. ಒಬ್ಬ ಹಿರಿಯ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಇಂಥದನ್ನು ಅವನು ನಮಗೆ ಹೇಳಿಯೇ ಇಲ್ಲವಲ್ಲ!" ಎನ್ನುತ್ತ ಎದುರಂಗಡಿಗೆ ನಡೆದ. ಉಳಿದವರೂ ಅವನ ಹಿಂದೆ ಎದ್ದುಹೋದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ:

"ಅದಿರಲಿ ಗುರುಗಳೇ, ಕೊನೆಗೆ ಹೆಚ್ಚು ದೂರ ತುಳಿದವನು ಯಾರು?"

"ಸೈಕಲ್ಲಿನಿಂದ ಇಳಿ, ಮಗು" ಎಂದರು ಗುರುಗಳು.



ಕೇಳಿದವರು ಇದನ್ನು ಇನ್ನೊಬ್ಬರ ಕಿವಿಗೆ ದಾಟಿಸಿ. ನನಗಿಂತ ಚೆನ್ನಾಗಿ ಹೇಳುವವರು ಸಿಕ್ಕರೆ ಅವರಿಗೇ ಮೊದಲು ಕೊಡಿ.