ಮರದಡಿಗೆ ಕೊಟ್ಟ ರಾಗ

ಯಾರ ದನಿಯನ್ನಾದರೂ ಅನುಕರಿಸಬಲ್ಲ ಕಾಜಾಣ ಹಕ್ಕಿ ಮುಸ್ಸಂಜೆಗೆ ಆಲದ ಮರದಲ್ಲಿ ಕಥೆ ಹೇಳುತ್ತಿತ್ತು. ಕಥೆಯ ಮೊದಲು ಹಾಡಲು ಸಿಳ್ಳಾರ ಹಕ್ಕಿಯ ರಾಗವನ್ನು ಕೇಳಿ ಪಡೆದಿತ್ತು.

"ಈ ಮರದಡಿ ಧಾರಾಳವಾಗಿ ಹಾಡು," ಎಂದಿತ್ತು ಸಿಳ್ಳಾರ.

ಒಂದು ಸಂಜೆ ಕಾಜಾಣ ಮರ ಬಿಟ್ಟು ಬೆಟ್ಟದ ಗವಿಯೊಂದರ ಬಾಯಲ್ಲಿ ಕೂತು ಅದೇ ರಾಗ ಹಾಡಿತು. ರಾಗ ಮಂಜಿನಲ್ಲಿ ತೇಲುತ್ತ ಬೆಟ್ಟಗಳಾಚೆ ಹೋಯಿತು. ಕಾಜಾಣಕ್ಕೆ ತಾನೇ ತೇಲಿದಂತಾಯಿತು.

ಮರುದಿನ ಸಿಳ್ಳಾರ ಬಂತು. "ಆಚೆ ಕಣಿವೆಯಲ್ಲಿ ಹಾಡಿದರೆ, ನಿನ್ನೆ ಕೇಳಿದ ಕಾಜಾಣದ ರಾಗ ಕದ್ದೆಯಾ ಎಂದು ಅಲ್ಲಿನ ಹಕ್ಕಿಗಳು ನನ್ನನ್ನೇ ಅಟ್ಟಿದವು."

"ನಿನ್ನನ್ನು ಕೇಳಿಯೇ ಹಾಡಿದೆನಲ್ಲ!"

"ಕೊಟ್ಟದ್ದು ಮರದಡಿಗೆ, ಊರೂರಿಗಲ್ಲ."

ಆ ಸಂಜೆ ಗವಿಯ ಬಾಯಲ್ಲಿ ಕಾಜಾಣ ಹಾಡಲಿಲ್ಲ. ಮೊದಲ ಸಲ ತನ್ನದೇ ಒರಟು ದನಿಯಲ್ಲಿ ಕೂಗಿತು: "ಆ ರಾಗ ಸಿಳ್ಳಾರದ್ದು!"

"ಸಿಳ್ಳಾರದ್ದು, ಸಿಳ್ಳಾರದ್ದು," ಎಂದವು ಬೆಟ್ಟಗಳು.

ಆಚೆ ಕಣಿವೆಯಲ್ಲಿ ಸಿಳ್ಳಾರ ಹಾಡತೊಡಗಿತು. ಯಾರೂ ಅಟ್ಟಲಿಲ್ಲ.