ಬರೀ ಗಾಳಿ ತಿಂದ ಪ್ಲಗ್

"ಗಾಡಿ ಸದ್ದು ಕೇಳ್ತು, ನೀವೇ ಅಂದ್ಕೊಂಡೆ. ಊಟ ಆಯ್ತಾ?"

ಆಸ್ಪತ್ರೆಯ ಮಂಚದ ಮೇಲೆ ತಿಪ್ಪಮ್ಮ ಗಂಡ ಭರಮಪ್ಪನಿಗೆ ಹೇಳಿದ ಕೊನೆಯ ಮಾತು ಅದು. ಅವಳು ತೀರಿಹೋದ ಮೇಲೆ ಅವನಿಗೆ ಗಾಡಿಯ ಆ ಸದ್ದು ತಡೆಯಲಾಗಲಿಲ್ಲ. ಬೈಕಿನ ಹಳೇ ಸೈಲೆನ್ಸರ್ ಬಿಚ್ಚಿ ಅಟ್ಟಕ್ಕೆ ಹಾಕಿ, ಅಗಲ ಬಾಯಿಯ ಹೊಸದೊಂದನ್ನು ಕೂರಿಸಿದ.

ಅಂದಿನಿಂದ ಬೈಕು ದಾರಿಯುದ್ದಕ್ಕೂ ಪಟಾಕಿ ಹೊಡೆಯಿತು. ಎಂಜಿನ್ ಕಾದ ಹೆಂಚಾಯಿತು. ಒಂದು ಸಂಜೆ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಬಿಚ್ಚಿ ನೋಡಿದ. ಕಾಫಿ ಬಣ್ಣಕ್ಕಿರಬೇಕಾದ ಅದರ ಮೂತಿ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಯಾಕೋ ಹಿಂಗೆ ಬಿಳಚಿಕೊಂಡೆ?"

"ಹೊಟ್ಟೆಗಿಲ್ಲ, ಯಜಮಾನ್ರೇ," ಎಂದಿತು ಪ್ಲಗ್.

"ಸುಳ್ಳು!" ಎಂದು ಹೊಸ ಸೈಲೆನ್ಸರ್ ಗುಡುಗಿತು. "ನಾನು ಬಂದ ಮೇಲೆ ಗಾಡಿ ಹುಲಿ ಹಂಗೆ ಗರ್ಜಿಸ್ತೈತೆ!"

"ಹಸಿದ ಹುಲೀನೇ ಕಣಯ್ಯ ಗರ್ಜಿಸೋದು. ನೀನು ಬಾಯಿ ಅಗಲಿಸಿಕೊಂಡು ಹೊಗೆ ಬಿಟ್ಟಷ್ಟೂ ಒಳಗೆ ಗಾಳಿ ಜಾಸ್ತಿ ಬರ್ತದೆ. ಕಾರ್ಬುರೇಟರಕ್ಕ ಬಡಿಸೋ ಪೆಟ್ರೋಲು ಮಾತ್ರ ಹಿಂದಿನಷ್ಟೇ. ಬರೀ ಗಾಳಿ ತಿಂದು ನಾನು ಎಷ್ಟು ದಿನ ಉರೀಲಿ?"

ಆಮೇಲೆ ಪ್ಲಗ್ ಮೆಲ್ಲಗೆ ಕೇಳಿತು: "ಯಜಮಾನ್ರೇ, ನಿಮ್ಮ ಮುಖಾನೂ ನನ್ನ ಬಣ್ಣಕ್ಕೇ ತಿರುಗೈತೆ. ಊಟ ಆಯ್ತಾ?"

ಭರಮಪ್ಪ ಪ್ಲಗ್ಗನ್ನು ಬನಿಯನ್ನಿನ ಅಂಚಿನಿಂದ ಒರೆಸಿ ಮತ್ತೆ ಎಂಜಿನ್ನಿಗೆ ಕೂರಿಸಿದ.

ಮಾರನೇ ಬೆಳಿಗ್ಗೆ ಅಟ್ಟದಿಂದ ಹಳೇ ಸೈಲೆನ್ಸರ್ ಇಳಿಸಿ, ಕೂರಿಸಿ, ಕಿಕ್ ಹೊಡೆದ. ಹಳೇ ಸದ್ದು ಬಂತು. ಅದು ಅಡುಗೆಮನೆಗೂ ಕೇಳಲಿ ಅಂತ ಗಾಡಿಯನ್ನು ಹಾಗೇ ಓಡಲು ಬಿಟ್ಟು, ಒಳಗೆ ಹೋಗಿ ಅನ್ನಕ್ಕೆ ಇಟ್ಟ.